ಬಾರದೆ ಹೋದ ಎರಡನೆಯ ತುಣುಕು

ಒಂದು ಡೊಮೇನ್ ಎರಡು ದಿನ ನನ್ನ ಜೀವ ಹಿಂಡಿತು. ಅದರ ಡಿಎನ್‌ಎಸ್ ಸರ್ವರ್‌ಗೆ (ಹೆಸರು ಕೇಳಿ ಐಪಿ ವಿಳಾಸ ಹೇಳುವ ಯಂತ್ರ) ಸಣ್ಣ ಪ್ರಶ್ನೆ ಕಳುಹಿಸಿದರೆ ತಕ್ಷಣ ಉತ್ತರ. ಉತ್ತರ ಅಸಲಿಯೆಂದು ಸಹಿಯಿಂದ ತೋರಿಸುವ ಡಿಎನ್‌ಎಸ್‌ಸೆಕ್‌ನ ಕೀಲಿಗಳನ್ನು ಕೇಳಿದರೆ ಮಾತ್ರ, ಪ್ರಶ್ನೆ ಕಳುಹಿಸುವ ಡಿಗ್ ಎಂಬ ಸಾಧನ ಐದೈದು ಸೆಕೆಂಡಿನಂತೆ ಮೂರು ಸಲ ಕಾದು ಕೈಚೆಲ್ಲುತ್ತಿತ್ತು. ಸರ್ವರ್ ಸತ್ತಿದೆ ಎಂದರು ಎಲ್ಲರೂ. ಜಾಲದಲ್ಲಿ ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದರೆ ಉತ್ತರ ಬರುತ್ತಲೇ ಇತ್ತು, ಆದರೆ ಅರೆಬರೆ. ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಸದ ದೊಡ್ಡ ಉತ್ತರ ಎರಡು ತುಣುಕಾಗಿ ಹೊರಡುತ್ತಿತ್ತು. 1500 ಬೈಟಿನ ಮೊದಲ ತುಣುಕು ಪ್ರತಿ ಸಲವೂ ತಪ್ಪದೆ ಹಾಜರು. ಇನ್ನೂರು ಚಿಲ್ಲರೆ ಬೈಟಿನ ಬಾಲ ದಾರಿಯಲ್ಲೇ ಮಾಯ. ಬಾಲ ಸೇರದೆ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಲೆಯನ್ನು ಮುಂದಕ್ಕೆ ಬಿಡುವುದಿಲ್ಲ.

ಡಿಎನ್‌ಎಸ್ ಸಾಮಾನ್ಯವಾಗಿ ಓಡುವುದು ಯುಡಿಪಿ ಎಂಬ, ತಲುಪಿತೇ ಎಂದು ವಿಚಾರಿಸದ ಸಾಗಣೆಯ ಮೇಲೆ. ಅದರ ಹೆಡರ್, ಅಂದರೆ ವಿವರಚೀಟಿ, ಇರುವುದು ಮೊದಲ ತುಣುಕಿನಲ್ಲಿ ಮಾತ್ರ. ಎರಡನೆಯದರಲ್ಲಿ ಯಾವ ಸೇವೆಗೆ ಸೇರಿದ್ದೆಂದು ಹೇಳುವ ಪೋರ್ಟ್ ಸಂಖ್ಯೆಯೇ ಇಲ್ಲ. ಹಾಗಾಗಿ ಎಷ್ಟೋ ಫೈರ್‌ವಾಲ್‌ಗಳು ಅದನ್ನು ಸದ್ದಿಲ್ಲದೆ ಎಸೆಯುತ್ತವೆ. ಅವುಗಳನ್ನು ಪೂರ್ತಿ ಬೈಯುವಂತೆಯೂ ಇಲ್ಲ: ಪ್ರಶ್ನೆಯ ಗುರುತು ಸಂಖ್ಯೆಯೂ ಇಲ್ಲದ ಆ ತುಣುಕಿನ ಜಾಗಕ್ಕೆ ನಕಲಿಯನ್ನು ತೂರಿಸುವ ದಾಳಿಗಳಿವೆ.

ನನ್ನ ಸಿಟ್ಟು 4096 ಎಂಬ ಅಂಕಿಯ ಮೇಲೆ. 1987ರ ಡಿಎನ್‌ಎಸ್ ನಿಯಮದಲ್ಲಿ ಯುಡಿಪಿ ಉತ್ತರಕ್ಕೆ 512 ಬೈಟಿನ ಮಿತಿ ಇತ್ತು. 1999ರಲ್ಲಿ ಬಂದ ಇಡಿಎನ್‌ಎಸ್ ಎಂಬ ವಿಸ್ತರಣೆ, ತನ್ನ ಕೈಲಿ ಎಷ್ಟು ಹಿಡಿಯುತ್ತದೆಂದು ಹೇಳಿಕೊಳ್ಳುವ ಅವಕಾಶವನ್ನು ಕೇಳುವವನಿಗೆ ಕೊಟ್ಟಿತು. ನಾವೆಲ್ಲ 4096 ಎಂದು ಬರೆದು ಮರೆತೆವು. ಅದು ನಮ್ಮ ಚೀಲದ ಅಳತೆ; ನಡುವಿನ ಓಣಿಯ ಅಗಲವನ್ನು ಯಾರೂ ಅಳೆದಿರಲಿಲ್ಲ. ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿಯಾದ ಐಪಿವಿ6ರಲ್ಲಂತೂ ದಾರಿಯ ರೌಟರ್ ಪ್ಯಾಕೆಟ್ ಕತ್ತರಿಸುವುದೇ ಇಲ್ಲ, ದೊಡ್ಡದಾಯಿತೆಂದು ಕಳುಹಿಸಿದವನಿಗೆ ಐಸಿಎಂಪಿ ಎಂಬ ದೋಷಸೂಚನೆಯ ಸಂದೇಶ ಕಳುಹಿಸುತ್ತದೆ. ಆ ಸಂದೇಶವನ್ನೂ ಭದ್ರತೆಯ ಹೆಸರಿನಲ್ಲಿ ತಡೆಯುವ ಮಹಾನುಭಾವರಿದ್ದಾರೆ. ತಲುಪಿದರೂ ಅಷ್ಟು ಹೊತ್ತಿಗೆ ಡಿಎನ್‌ಎಸ್ ಸರ್ವರ್ ಆ ಉತ್ತರವನ್ನು ಮರೆತು ಮುಂದಿನ ಪ್ರಶ್ನೆಗೆ ಹೋಗಿರುತ್ತದೆ. ಮತ್ತೆ ಕಳುಹಿಸಲು ಅದರ ಬಳಿ ಏನೂ ಉಳಿದಿರುವುದಿಲ್ಲ.

ಡಿಎನ್‌ಎಸ್ ತಂತ್ರಾಂಶ ಬರೆಯುವವರು, ನಡೆಸುವವರು ಒಟ್ಟಾಗಿ ಬದಲಾವಣೆಗೆ ಗೊತ್ತುಮಾಡಿದ 2020ರ ಡಿಎನ್‌ಎಸ್ ಫ್ಲಾಗ್ ಡೇ 4096ರ ಬದಲು ಸೂಚಿಸಿದ್ದು 1232. ಲೆಕ್ಕ ಸರಳ: ಐಪಿವಿ6 ಹಾದಿಗಳು ಹೊರಲೇಬೇಕಾದ ಕನಿಷ್ಠ 1280 ಬೈಟಿನಲ್ಲಿ 40 ಐಪಿ ಹೆಡರ್‌ಗೆ, 8 ಯುಡಿಪಿಗೆ, ಉಳಿದದ್ದು 1232. ಅದಕ್ಕಿಂತ ದೊಡ್ಡ ಉತ್ತರವಾದರೆ ಸರ್ವರ್ ಟಿಸಿ ಬಿಟ್ ಹಚ್ಚಿ ‘ಮೊಟಕಾಗಿದೆ, ಟಿಸಿಪಿಯಲ್ಲಿ ಬಾ’ ಎನ್ನುತ್ತದೆ. ಟಿಸಿಪಿ ಎಂದರೆ ತಲುಪದ್ದನ್ನು ಮತ್ತೆ ಕಳುಹಿಸುವ ಸಾಗಣೆ. ಒಂದೆರಡು ಸುತ್ತು ಹೆಚ್ಚು ಓಡಾಟ, ನಿಜ. ಹದಿನೈದು ಸೆಕೆಂಡಿನ ಮೌನಕ್ಕಿಂತ ಅದು ನನಗೆ ಸಾವಿರ ಪಾಲು ಮೇಲು. (ಸಹಿಗೆ ಆರ್‌ಎಸ್‌ಎ ವಿಧಾನ ಬಿಟ್ಟು ಇಸಿಡಿಎಸ್‌ಎ ಬಳಸಿದರೆ 256 ಬೈಟಿನ ಸಹಿ 64ಕ್ಕೆ ಇಳಿದು ಉತ್ತರವೇ ಚಿಕ್ಕದಾಗುತ್ತದೆ, ಅದನ್ನೇಕೆ ಇನ್ನೂ ಮುಂದೂಡುತ್ತಾರೋ.)

ನಾನೂ 1232 ಹಾಕಿದೆ. ಟಿಸಿ ಬಿಟ್ ಕೂಡಲೇ ಬಂತು. ಆದರೆ ಡಿಎನ್‌ಎಸ್‌ನ ಟಿಸಿಪಿ ಪೋರ್ಟ್ 53 ನಮ್ಮ ಫೈರ್‌ವಾಲ್‌ನಲ್ಲೇ ಮುಚ್ಚಿತ್ತು. ತೆರೆಯಿರಿ ಎಂದು ಫೈರ್‌ವಾಲ್ ನೋಡಿಕೊಳ್ಳುವವರಿಗೆ ಬರೆದೆ. ಉತ್ತರ ಬಂತು: ‘ಅದು ಜೋನ್ ವರ್ಗಾವಣೆಗೆ (ಸರ್ವರ್‌ಗಳ ನಡುವೆ ಡೊಮೇನಿನ ಇಡೀ ಪಟ್ಟಿ ನಕಲಿಸುವುದಕ್ಕೆ) ಮಾತ್ರ ತಾನೇ? ಯುಡಿಪಿ ಆಗಲೇ ತೆರೆದಿದೆಯಲ್ಲ?’