ಸುಸ್ತಿಗೆ ಥೈರಾಯ್ಡ್ ಮಾತ್ರೆ: ಶುರು ಮಾಡುವ ಮೊದಲೇ ನಿಲ್ಲಿಸುವ ದಿನ ಬರೆದಿಡಿ

ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂರುವವರಿಗೆ ಸುಸ್ತಾಗದೆ ಇನ್ನೇನಾಗುತ್ತದೆ? ತಲೆಕೆಡಿಸಿಕೊಳ್ಳಬೇಕಾದ್ದು ಕೊಯ್ಲು ಮುಗಿದು, ನಿದ್ದೆ ಸರಿಹೋಗಿ, ಎರಡು ತಿಂಗಳಾದರೂ ಮೈ ಏಳದಿದ್ದಾಗ. ಆಗ ಪಕ್ಕದ ಮನೆಯವರ ಸಲಹೆ ಬರುತ್ತದೆ: "ನಂಗೂ ಹಿಂಗೇ ಆಗ್ತಿತ್ತು ಮಾರಾಯ್ತಿ, ಥೈರಾಯ್ಡ್ ಮಾತ್ರೆ ತಗೊಂಡ್ಮೇಲೆ ಸರಿಹೋಯ್ತು. 25ರದ್ದು ತಾನೆ, ಏನೂ ಆಗಲ್ಲ."

ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಈ 25 ಮೈಕ್ರೋಗ್ರಾಂ ಮಾತ್ರೆಯಿಂದ ಏನಾಗಬಹುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೆಲವರಿಗೆ ಈ ಮಾತ್ರೆ ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ಆದರೆ ಯಾವತ್ತು, ಏನು ಕಂಡರೆ ನಿಲ್ಲಿಸಬೇಕು ಎಂದು ತೀರ್ಮಾನಿಸದೆ ಶುರು ಮಾಡಿದರೆ ಅದು ಜೀವಮಾನದ ಮಾತ್ರೆಯಾಗಿ ಉಳಿಯುತ್ತದೆ.

ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್; ಥೈರಾಯ್ಡ್ ಸೋತಾಗ ಏರುತ್ತದೆ) 10 ದಾಟಿ ಫ್ರೀ ಟಿ4 (ರಕ್ತದಲ್ಲಿರುವ ಥೈರಾಕ್ಸಿನ್) ಕಡಿಮೆ ಇದ್ದರೆ ಚರ್ಚೆಯೇ ಇಲ್ಲ, ಮಾತ್ರೆ ಬೇಕು. ಗರ್ಭಿಣಿಯರ, ಗರ್ಭಕ್ಕೆ ಕಾಯುತ್ತಿರುವವರ ಲೆಕ್ಕವೇ ಬೇರೆ. ಅವರು ಇದನ್ನೆಲ್ಲ ಓದಿ ಮಾತ್ರೆ ಬಿಡಬೇಡಿ. ಗೊಂದಲ ಇರುವುದು ಎರಡು ಗುಂಪಿನಲ್ಲಿ: ಟಿಎಸ್‌ಎಚ್ 4.5ರಿಂದ 10ರ ನಡುವೆ ಇದ್ದು ಟಿ4 ಸರಿ ಇರುವವರು, ಮತ್ತು ರಿಪೋರ್ಟ್ ಪೂರ್ತಿ ನಾರ್ಮಲ್ ಬಂದರೂ ಸುಸ್ತಾಗಿರುವವರು.

ಎರಡನೇ ಗುಂಪಿನ ಮೇಲೆ ಗ್ಲಾಸ್ಗೋದಲ್ಲಿ ನಡೆದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ದಿನಕ್ಕೆ 100 ಮೈಕ್ರೋಗ್ರಾಂ ಥೈರಾಕ್ಸಿನ್ 12 ವಾರ, ಬರೀ ಹುಸಿ ಮಾತ್ರೆ 12 ವಾರ. ಯಾವುದು ಯಾವಾಗ ಎಂದು ನುಂಗುವವರಿಗೂ ಗೊತ್ತಿಲ್ಲ. ಸುಸ್ತಿನವರಿಗೆ ಥೈರಾಕ್ಸಿನ್ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಹೋಲಿಕೆಗೆಂದು ಸೇರಿಸಿಕೊಂಡಿದ್ದ ಆರೋಗ್ಯವಂತರಿಗಂತೂ ಥೈರಾಕ್ಸಿನ್ ತಗೊಂಡಾಗಲೇ ಉತ್ಸಾಹ ಕಮ್ಮಿಯಾಗಿತ್ತು. ಮೊದಲ ಗುಂಪಿನ ವಯಸ್ಸಾದವರ ಮೇಲೆ 2017ರಲ್ಲಿ ಬಂದ 'ಟ್ರಸ್ಟ್' ಅಧ್ಯಯನದಲ್ಲಿ 65 ದಾಟಿದ 737 ಮಂದಿ ಇದ್ದರು. ವರ್ಷ ಕಳೆದ ಮೇಲೂ ಸುಸ್ತಿನಲ್ಲಿ ವ್ಯತ್ಯಾಸವಿಲ್ಲ. ಹುಸಿ ಮಾತ್ರೆಯವರ ಸರಾಸರಿ ಟಿಎಸ್‌ಎಚ್ ಕೂಡ ತನ್ನಷ್ಟಕ್ಕೆ 6.4ರಿಂದ 5.5ರ ಹತ್ತಿರಕ್ಕೆ ಇಳಿದಿತ್ತು. ಒಂದೇ ರಿಪೋರ್ಟ್ ನಂಬಿ ಮಾತ್ರೆ ಶುರು ಮಾಡಬಾರದು ಎನ್ನುವುದು ಇದಕ್ಕೇ.

ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಕೆಲವು ವಾರ ಮೇಲೇರಿ ತಾನೇ ಇಳಿಯುತ್ತದೆ. ಮಂಗನ ಕಾಯಿಲೆ, ಇಲಿ ಜ್ವರ, ಡೆಂಗಿ ಬಂದು ಹೋದವರಿಗೆ ನಿಶ್ಶಕ್ತಿ ವಾರಗಟ್ಟಲೆ ಇರುವುದೂ ಸಹಜವೇ. ಆ ಹೊತ್ತಿನಲ್ಲಿ ರಕ್ತ ಕೊಟ್ಟು 6.8 ಬಂತೆಂದು ಹೆದರಬೇಡಿ. ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಬೆಳಗ್ಗೆ ಅದೇ ಹೊತ್ತಿಗೆ ಮತ್ತೆ ಕೊಡಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಕೆಲವು ಯಂತ್ರಗಳು ತಪ್ಪು ಅಂಕಿ ಕೊಡುತ್ತವೆ. ಎರಡನೇ ಸಲ ಆಂಟಿ ಟಿಪಿಓ (ಥೈರಾಯ್ಡ್ ವಿರುದ್ಧ ಮೈಯೇ ತಯಾರಿಸುವ ಪ್ರತಿಕಾಯದ ಪರೀಕ್ಷೆ) ಕೂಡ ಮಾಡಿಸಿ. ಅದು ಪಾಸಿಟಿವ್ ಇದ್ದರೆ ಗ್ರಂಥಿ ಮುಂದೆ ಸೋಲುವ ಸಾಧ್ಯತೆ ಹೆಚ್ಚು.

ಆ ಮೂರು ತಿಂಗಳಲ್ಲಿ ಉಳಿದದ್ದನ್ನು ಹುಡುಕಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ 15ಕ್ಕೆ ಇಳಿದಿದ್ದರೆ ಕಬ್ಬಿಣದ ದಾಸ್ತಾನು ಖಾಲಿ ಎಂದೇ ಅರ್ಥ. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು, ಊಟ ಆದ ಕೂಡಲೇ ಚಹಾ ಕುಡಿಯುವ ಅಭ್ಯಾಸ, ಎರಡೂ ನಮ್ಮ ಕಡೆ ಇದ್ದದ್ದೇ. ಸಸ್ಯಾಹಾರಿಗಳಿಗೆ ಬಿ12, ಎಲ್ಲರಿಗೂ ಸಕ್ಕರೆ, ಜೋರಾಗಿ ಗೊರಕೆ ಹೊಡೆಯುವವರಿಗೆ ನಿದ್ದೆಯ ಉಸಿರುಕಟ್ಟು. ಮನಸ್ಸಿನ ಕಾಯಿಲೆಯೂ ಎಷ್ಟೋ ಸಲ ಮೈಯ ಸುಸ್ತಾಗಿಯೇ ಕಾಣಿಸಿಕೊಳ್ಳುತ್ತದೆ. ಮಾತ್ರೆಯ ನಿಜವಾದ ಅಪಾಯ ನನ್ನ ದೃಷ್ಟಿಯಲ್ಲಿ ಇಲ್ಲಿದೆ: "ಥೈರಾಯ್ಡ್ ಅಂತೆ" ಎಂಬ ಉತ್ತರ ಸಿಕ್ಕಿದ ದಿನವೇ ಹುಡುಕಾಟ ನಿಲ್ಲುತ್ತದೆ.

ಇನ್ನು ಹೃದಯ. ಡೋಸ್ ಹೆಚ್ಚಾಗಿ ಟಿಎಸ್‌ಎಚ್ 0.1ರ ಕೆಳಗೆ ಹೋದರೆ ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಬರಬಹುದು. 60 ದಾಟಿದವರಲ್ಲಿ ಇದರ ಅಪಾಯ ಸುಮಾರು ಮೂರು ಪಟ್ಟು ಎಂದು ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1994ರಲ್ಲೇ ತೋರಿಸಿತು. ಅದರಿಂದ ಪಾರ್ಶ್ವವಾಯು ಆಗಬಹುದು. ಮುಟ್ಟು ನಿಂತ ಹೆಂಗಸರಿಗೆ ಮೂಳೆ ಸವೆಯುತ್ತದೆ. 25ರ ಮಾತ್ರೆಯಿಂದ ಇಷ್ಟಾಗುವುದು ಅಪರೂಪ, ಒಪ್ಪುತ್ತೇನೆ. ಆದರೆ ಸುಸ್ತು ಹೋಗಲಿಲ್ಲವೆಂದು 25 ಹೋಗಿ 50, 50 ಹೋಗಿ 75 ಆಗುವುದು ಅಪರೂಪವಲ್ಲ. ತೂಕ ಇಳಿಸಲು ಟಿ3 (ಇನ್ನೊಂದು ಥೈರಾಯ್ಡ್ ಹಾರ್ಮೋನ್) ನುಂಗುವವರಿಗೆ ಹೇಳಲು ಒಂದೇ ಮಾತು: ಬೇಡ.

ಹೆಚ್ಚು ಜನರಿಗೆ ಗೊತ್ತಿಲ್ಲದ ಅಪಾಯ ಬೇರೆ ಇದೆ, ಮಲೆನಾಡಿನವರು ಕಿವಿಗೊಡಬೇಕಾದ್ದು. ಕೊಳಕುಮಂಡಲ ಕಚ್ಚಿ ಬದುಕಿದವರಲ್ಲಿ ಕೆಲವರಿಗೆ ಪಿಟ್ಯುಟರಿ ಗ್ರಂಥಿ ಹಾಳಾಗಿರುತ್ತದೆ; ಲಕ್ಷಣ ತಿಂಗಳು, ವರ್ಷ ಕಳೆದ ಮೇಲೂ ಕಾಣಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲು ಬಾರದೆ, ಮುಟ್ಟೂ ಮರಳದವರಿಗೂ ಇದೇ ಕತೆ. ಇವರಲ್ಲಿ ಟಿ4 ಕಡಿಮೆ ಇದ್ದರೂ ಟಿಎಸ್‌ಎಚ್ ನಾರ್ಮಲ್ ಎಂದೇ ಬರಬಹುದು. ಜೊತೆಗೆ ಮೈ ಒತ್ತಡ ತಡೆಯಲು ಬೇಕಾದ ಕಾರ್ಟಿಸೋಲ್ ಹಾರ್ಮೋನ್ ಕೂಡ ಕಡಿಮೆ ಇರಬಹುದು. ಅದನ್ನು ಸರಿಪಡಿಸದೆ ಥೈರಾಕ್ಸಿನ್ ಕೊಟ್ಟರೆ ಉಳಿದಿರುವ ಕಾರ್ಟಿಸೋಲ್ ಬೇಗ ಖರ್ಚಾಗಿ, ವಾಂತಿ, ಬಿಪಿ ಕುಸಿತ, ಜೀವಕ್ಕೇ ಸಂಚಕಾರ. ಮಂಡಿನೋವಿಗೆಂದು ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿ ಏಕಾಏಕಿ ಬಿಟ್ಟವರಿಗೂ ಕಾರ್ಟಿಸೋಲ್ ಹೀಗೆಯೇ ಕಡಿಮೆ ಇರಬಹುದು. ಹಾವು, ಹೆರಿಗೆ, ಸ್ಟೀರಾಯ್ಡ್: ಈ ಮೂರರಲ್ಲಿ ಒಂದಿದ್ದರೂ ಡಾಕ್ಟರಿಗೆ ಮೊದಲೇ ಹೇಳಿ, ಬೆಳಗ್ಗೆ 8ರ ಕಾರ್ಟಿಸೋಲ್ ಪರೀಕ್ಷೆ ಕೇಳಿ.

ಇಷ್ಟೆಲ್ಲ ದಾಟಿಯೂ ಟಿಎಸ್‌ಎಚ್ ಎರಡೂ ಸಲ 10ರೊಳಗೇ ಆದರೂ ಹೆಚ್ಚಿದ್ದು, ವಯಸ್ಸು 65ರೊಳಗಿದ್ದು, ಸುಸ್ತು ಉಳಿದಿದ್ದರೆ ಆರು ತಿಂಗಳು ಕೊಟ್ಟು ನೋಡಬಹುದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ (2019) ಹೇಳುವುದೂ ಇದನ್ನೇ. ಡಾಕ್ಟರ ಜೊತೆ ಕೂತು ಕ್ಯಾಲೆಂಡರಿನಲ್ಲಿ ಆರನೇ ತಿಂಗಳ ದಿನಕ್ಕೆ ಗುರುತು ಹಾಕಿ. ಶುರುವಿಗೆ 25 ಅಥವಾ 50; ಹೃದಯದ ತೊಂದರೆ ಇದ್ದರೆ 12.5ರಿಂದ 25. ಬೆಳಗ್ಗೆ ಹಾಸಿಗೆ ಬಿಡುವ ಮೊದಲಿನ ನಾಡಿ, ವಾರಕ್ಕೊಮ್ಮೆ ತೂಕ, ಮತ್ತೆ ಸುಸ್ತಿಗೆ ಹತ್ತರಲ್ಲಿ ಎಷ್ಟು ಎಂಬ ಅಂಕ ಬರೆದಿಡಿ. "ಪರವಾಗಿಲ್ಲ ಅನ್ಸುತ್ತೆ" ಸಾಕಾಗುವುದಿಲ್ಲ. ಸಂತೆಗೆ ಹೋಗಿಬಂದು ಮಲಗದೆ ಅಡಿಗೆ ಮಾಡಿದೆನೇ ಎಂಬಂಥ ಲೆಕ್ಕ ಬೇಕು. ಥೈರಾಕ್ಸಿನ್ನಿನ ಅರ್ಧಾಯುಷ್ಯ ಸುಮಾರು ಏಳು ದಿನ, ಹಾಗಾಗಿ 6ರಿಂದ 8 ವಾರಕ್ಕೆ ಮೊದಲು ಟಿಎಸ್‌ಎಚ್ ಮಾಡಿಸಿ ಪ್ರಯೋಜನವಿಲ್ಲ.

ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿಗೆ ಮುಕ್ಕಾಲು ಗಂಟೆ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಥೈರಾಕ್ಸಿನ್ನಿಗೆ ತೇವ ಆಗದು. ಆಗುಂಬೆ, ಹೊಸನಗರದ ಮಳೆಗಾಲದಲ್ಲಿ ಬಾಟಲಿಯಿಂದ ತೆಗೆದು ವಾರದ ಡಬ್ಬಿಗೆ ತುಂಬಿಡಬೇಡಿ, ಒಲೆಯ ಪಕ್ಕದ ಗೂಡಿನಲ್ಲೂ ಇಡಬೇಡಿ.

ಎದೆ ಡವಗುಟ್ಟಿದರೆ, ಕೈ ನಡುಗಿದರೆ, ನಿದ್ದೆ ಹಾರಿದರೆ ಗುರುತು ಹಾಕಿದ ದಿನಕ್ಕೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ. ಎದೆನೋವು ಬಂದರೆ ನೇರ ಆಸ್ಪತ್ರೆಗೆ ಹೋಗಿ. ಏನೂ ತೊಂದರೆ ಇಲ್ಲದೆ, ಟಿಎಸ್‌ಎಚ್ ಸರಿಹೋಗಿಯೂ ಸುಸ್ತಿನ ಅಂಕ ಇದ್ದಲ್ಲೇ ಇದ್ದರೆ ಆರನೇ ತಿಂಗಳಿಗೆ ಡಾಕ್ಟರಿಗೆ ಹೇಳಿ ನಿಲ್ಲಿಸಿ. ಬಹಳ ಜನ ಜಾರುವುದು ಇಲ್ಲಿಯೇ. ಹೊರಗಿನ ಹಾರ್ಮೋನಿಗೆ ಒಗ್ಗಿದ ಗ್ರಂಥಿ ಮತ್ತೆ ಎಚ್ಚೆತ್ತುಕೊಳ್ಳಲು ಕೆಲವು ವಾರ ಬೇಕು, ಆ ವಾರಗಳಲ್ಲಿ ಮೈ ಇನ್ನಷ್ಟು ಭಾರ ಅನ್ನಿಸಬಹುದು. "ನೋಡಿ, ಬಿಟ್ಟರೆ ಆಗಲ್ಲ" ಎಂದು ಮತ್ತೆ ಶುರು ಮಾಡಿಬಿಡುತ್ತಾರೆ. ನಿಲ್ಲಿಸಿ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮಾಡಿಸಿ. 10 ದಾಟಿದ್ದರೆ ಮಾತ್ರೆ ನಿಜಕ್ಕೂ ಬೇಕಿತ್ತು. ಮೊದಲಿದ್ದಲ್ಲೇ ಇದ್ದರೆ ಬಾಟಲಿಯನ್ನು ಮೆಡಿಕಲ್ ಶಾಪಿಗೆ ವಾಪಸ್ ಕೊಟ್ಟರೆ ತಗೊಳ್ಳುತ್ತಾರಾ ಕೇಳಿ, ಪಕ್ಕದ ಮನೆಯವರಿಗೆ ಮಾತ್ರ ಕೊಡಬೇಡಿ.