ಸಾವಿರಕ್ಕೆ ಒಂದೇ ಅಕ್ಷರ

ರೋಮನ್ ಅಂಕಿಯಲ್ಲಿ ಸಾವಿರ ಬರೆಯಲು ಒಂದು ಎಂ ಸಾಕು. 1888 ಬರೆಯಲು ಹದಿಮೂರು ಅಕ್ಷರ ಬೇಕು. ಒಂದು ಎಂ, ಒಂದು ಡಿ (ಐನೂರು), ಮೂರು ಸಿ (ತಲಾ ನೂರು), ಒಂದು ಎಲ್ (ಐವತ್ತು), ಮೂರು ಎಕ್ಸ್ (ತಲಾ ಹತ್ತು), ಒಂದು ವಿ (ಐದು), ಕೊನೆಗೆ ಮೂರು ಐ (ತಲಾ ಒಂದು). ಆ ವರ್ಷ ಕಟ್ಟಡದ ಮೇಲೆ ಇಸವಿ ಕೆತ್ತಿದ ಕಲ್ಲುಕುಟಿಗ ಎಷ್ಟು ಬೈದುಕೊಂಡನೋ! ಇನ್ನು ಹನ್ನೆರಡು ವರ್ಷ ಕಾದಿದ್ದರೆ ಎಂ, ಸಿ, ಎಂ ಅಂತ ಮೂರೇ ಅಕ್ಷರದಲ್ಲಿ ಕೈ ತೊಳೆದುಕೊಳ್ಳಬಹುದಿತ್ತು.

ನಮ್ಮ ಅಂಕಿಯನ್ನು ರೋಮನ್‌ಗೆ ಬದಲಾಯಿಸುವುದೇನೂ ಕಷ್ಟವಲ್ಲ. ಅಂಗಡಿಯವರು ಚಿಲ್ಲರೆ ಕೊಡುವ ಹಾಗೆ ದೊಡ್ಡದರಿಂದ ಶುರು ಮಾಡಬೇಕು, ಅಷ್ಟೇ. 1947 ತಗೊಳ್ಳಿ. ಸಾವಿರಕ್ಕೆ ಎಂ ಕೊಟ್ಟರೆ 947 ಉಳಿಯಿತು. ಒಂಬೈನೂರಕ್ಕೆ ಸಾವಿರದ ಎಡಕ್ಕೆ ನೂರು, ಅಂದರೆ ಸಿಎಂ. ನಲವತ್ತಕ್ಕೆ ಐವತ್ತರ ಎಡಕ್ಕೆ ಹತ್ತು, ಎಕ್ಸ್‌ಎಲ್. ಉಳಿದ ಏಳಕ್ಕೆ ವಿಐಐ. ಲೆಕ್ಕ ಚುಕ್ತಾ. ದೊಡ್ಡದರ ಎಡಕ್ಕೆ ಚಿಕ್ಕದು ನಿಂತರೆ ಕಳೆಯಬೇಕು, ಬಲಕ್ಕೆ ನಿಂತರೆ ಕೂಡಬೇಕು.

ಎಲ್ಲರೂ ಮುಗ್ಗರಿಸುವುದು 49ರ ಹತ್ತಿರ. ಐವತ್ತರ ಎಡಕ್ಕೆ ಒಂದು ಐ ಇಟ್ಟರೆ ಸಾಕಲ್ವಾ ಅನ್ನಿಸುತ್ತದೆ. ಸಾಲದು. ಐ ಹಾಗೆ ನಿಲ್ಲಬಹುದಾದ್ದು ಐದು, ಹತ್ತರ ಪಕ್ಕ ಮಾತ್ರ. ಹಾಗಾಗಿ ಮೊದಲು ನಲವತ್ತು, ಆಮೇಲೆ ಒಂಬತ್ತು: ಎಕ್ಸ್‌ಎಲ್, ಐಎಕ್ಸ್. 99ಕ್ಕೂ ಇದೇ ಗತಿ.

ತಮಾಷೆ ಏನೆಂದರೆ, ಇಷ್ಟೆಲ್ಲ ಮಡಿ ರೋಮನ್ನರಿಗೇ ಇರಲಿಲ್ಲ. ರೋಮಿನ ಕೊಲೋಸಿಯಂನ 44ನೇ ಬಾಗಿಲ ಮೇಲೆ ನಲವತ್ತನ್ನು ನಿಯಮದ ಪ್ರಕಾರ ಎಕ್ಸ್‌ಎಲ್ ಅಂತ ಕೆತ್ತಿದ್ದಾರೆ. ಪಕ್ಕದ ನಾಲ್ಕಕ್ಕೆ ಮಾತ್ರ ಸುಮ್ನೆ ನಾಲ್ಕು ಗೀಟು! ಹಳೇ ಗೋಡೆ ಗಡಿಯಾರಗಳಲ್ಲೂ ನಾಲ್ಕು ಗಂಟೆಗೆ ಹೆಚ್ಚಾಗಿ ನಾಲ್ಕು ಗೀಟೇ. ಒಂಬತ್ತು ಮಾತ್ರ ಶಿಸ್ತಾಗಿ ಐಎಕ್ಸ್. ನನಗಂತೂ ಈ ನಾಲ್ಕು ಗೀಟೇ ಇಷ್ಟ. ಎದುರಿಗೆ ಎಂಟು ಅಷ್ಟು ಜಾಗ ಹಿಡಿದು ಕೂತಿರುವಾಗ ಈ ಕಡೆಯೂ ಸ್ವಲ್ಪ ತೂಕ ಬೇಕಲ್ಲ. ಲಂಡನ್ನಿನ ಬಿಗ್ ಬೆನ್ ಐವಿ ಅಂತಲೇ ಬರೆದುಕೊಂಡಿದೆ. ದೊಡ್ಡವರ ಮನೆ ಗಡಿಯಾರ, ಬಿಡಿ.

ಈಗ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಎಕ್ಸೆಲ್ ಎಂಬ ತಂತ್ರಾಂಶದಲ್ಲಿ ರೋಮನ್ ಅಂತಲೇ ಒಂದು ಫಾರ್ಮುಲಾ ಇದೆ. ಸಂಖ್ಯೆ ಕೊಟ್ಟರೆ ತಕ್ಷಣ ಉತ್ತರ. ಸೊನ್ನೆ ಕೊಟ್ಟರೆ ಖಾಲಿ ಬಿಡುತ್ತದೆ. ಅದೂ ಸರಿಯೇ, ಈ ಪದ್ಧತಿಯಲ್ಲಿ ಸೊನ್ನೆಗೆ ಅಕ್ಷರವೇ ಇಲ್ಲ. 3999ರ ತನಕ ಚೆನ್ನಾಗಿ ಓಡುತ್ತದೆ. 4000 ಕೇಳಿದರೆ ಎರರ್! ನಾಲ್ಕರ ತಲೆ ಮೇಲೆ ಅಡ್ಡಗೆರೆ ಎಳೆದರೆ ಅದು ಸಾವಿರ ಪಟ್ಟಾಗುತ್ತದೆ ಎಂಬ ಹಳೇ ಉಪಾಯವನ್ನು ಅದಕ್ಕೆ ಯಾರೂ ಕಲಿಸಿಲ್ಲ. 4000ನೇ ಇಸವಿಗೆ ಇನ್ನೂ ಸುಮಾರು ಎರಡು ಸಾವಿರ ವರ್ಷ ಇದೆಯಲ್ಲ, ಅವಸರ ಏನು ಅಂದುಕೊಂಡಿರಬೇಕು.