ನೋಡಿದ್ದರಿಂದಲೇ ಆಡಲು ಬಂದರು

ಈಗಿನ ಮಕ್ಕಳು ಆಟ ಆಡುವುದನ್ನೇ ಬಿಟ್ಟಿದ್ದಾರೆ, ಬರೀ ಮೊಬೈಲಿನಲ್ಲಿ ನೋಡುತ್ತಾರೆ ಎಂದು ನಿಮ್ಮ ಲೇಖನದಲ್ಲಿದೆ. ನನಗೆ ಒಪ್ಪಲು ಆಗುತ್ತಿಲ್ಲ ಸರ್. ನಮ್ಮದು ಮಂಡ್ಯ ಕಡೆಯ ಹಳ್ಳಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮೂರಲ್ಲಿ ಆಡುವವರು ಜಾಸ್ತಿಯೇ ಆದರು. ಸಂಜೆಯಾದರೆ ಕಣದಲ್ಲಿ ಸುಣ್ಣದ ಪುಡಿ ಹಾಕಿ ಗೆರೆ ಎಳೆಯುತ್ತಿದ್ದರು. ಎದುರಾಳಿಗಳನ್ನು ಮುಟ್ಟಿ ಬರುವ ರೈಡಿಗೆ 30 ಸೆಕೆಂಡ್ ಅಲ್ವಾ, ಒಬ್ಬ ಹುಡುಗ ಮೊಬೈಲ್ ಹಿಡಿದು "ಇನ್ನು ಹತ್ತು, ಇನ್ನು ಐದು" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಟಿವಿಯಲ್ಲಿ ನೋಡಿದ್ದರಿಂದಲೇ ಅವರಿಗೆ ಆ ಹುಚ್ಚು ಹಿಡಿದಿದ್ದು.

ಆ ಕಣ ಈಗ ಸೈಟ್ ಆಗಿದೆ. ಹತ್ತಿರದ ಶಾಲೆಯ ಮೈದಾನಕ್ಕೆ ಸಂಜೆ ಐದಕ್ಕೇ ಬೀಗ. ಹುಡುಗರು ಗೇಟಿನ ಹೊರಗೆ ಬೈಕ್ ಮೇಲೆ ಕೂತು ಮ್ಯಾಚ್ ನೋಡುತ್ತಾರೆ. ಅವರನ್ನು ಸುಮ್ನೆ ಬೈದರೆ ಏನು ಪ್ರಯೋಜನ?

ಕುಸ್ತಿ ವಿಷಯದಲ್ಲಿ ಮಾತ್ರ ನೀವು ಬರೆದದ್ದು ಸರಿ. ಮೈಸೂರು ದಸರಾ ಕುಸ್ತಿ ನೋಡಲು ಹೋಗುವವರು ಇದ್ದಾರೆ, ದಿನಾ ಬೆಳಿಗ್ಗೆ ಗರಡಿಯ ಮಣ್ಣಿಗೆ ಇಳಿಯುವವರು ಕಡಿಮೆ. ಹಾಲು, ತುಪ್ಪ, ಬಾದಾಮಿ ಖರ್ಚು ಬಡವರ ಮನೆಗೆ ಆಗುವ ಮಾತಲ್ಲ.

ಇನ್ನೊಂದು ಹೇಳಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಫೈನಲ್ ನೋಡುತ್ತಿದ್ದ ನನ್ನ ಮಗಳು "ಅಪ್ಪಾ, ಕುರುಬೂರು ಅಂದ್ರೆ ಇಲ್ಲೇ ಅಲ್ವಾ?" ಎಂದು ಎದ್ದು ಕೂತಳು. ಮರುದಿನವೇ ಶಾಲೆಯ ತಂಡಕ್ಕೆ ಹೆಸರು ಕೊಟ್ಟಳು. ಈಗ ವಾರಕ್ಕೊಮ್ಮೆ ಮಂಡಿ ತರಚಿಕೊಂಡು ಬರುತ್ತಾಳೆ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಾಳೆ.